ಹತ್ತು ಗುಂಡಿನ ನಿಯಮ

ಜನವರಿ 12

ಅಪ್ಪಾ,

ನಾನು ಕ್ಷೇಮ. ಪಿಸ್ತೂಲಿಗೆ ಮಾತ್ರ ಹುಷಾರಿಲ್ಲ.

ನಗಬೇಡಿ. ಕೋರ್ಟು ಕಾವಲು ಪಡೆಯ ತರಬೇತಿ ಶಾಲೆಗೆ ಸೇರಿ ಆರು ವಾರವಾದ ಮೇಲೆ, ಈ ಸೋಮವಾರ ನಮಗೆ ಆಯುಧ ಕೊಟ್ಟರು. ನಲವತ್ತು ಜನಕ್ಕೆ ನಲವತ್ತು ಹೊಚ್ಚ ಹೊಸ ಪಿಸ್ತೂಲು. ಪೆಟ್ಟಿಗೆ ಬಿಚ್ಚಿದರೆ ನಿಮ್ಮ ಕೆಲಸದ ಅಂಗಿಯ ವಾಸನೆ ಬಂತು, ಎಣ್ಣೆಯದು, ಕಬ್ಬಿಣದ್ದು. ಒಂದು ಗಳಿಗೆ ಮನೆಗೇ ಬಂದ ಹಾಗಾಯಿತು. ಆಮೇಲೆ ಗುರಿಯ ಮುಂದೆ ನಿಂತೆ ನೋಡಿ, ಇದ್ದ ಮಾನವೆಲ್ಲ ಹೋಯಿತು. ಮೂರನೇ ಗುಂಡಿಗೇ ನಿಂತಿತು. ಹೊಡೆದ ತೋಟಾದ ಖಾಲಿ ಕೊಳವೆ ಹೊರಗೆ ಹಾರದೆ ಮೇಲಿನ ಕಿಂಡಿಯಲ್ಲಿ ಸಿಕ್ಕಿಕೊಂಡು ಗೂಟದ ಹಾಗೆ ನೆಟ್ಟಗೆ ನಿಂತಿತ್ತು. ತೆಗೆದು ಹೊಡೆದೆ, ಮತ್ತೆ ಅದೇ. ಇಪ್ಪತ್ತು ಗುಂಡಿಗೆ ನಾಲ್ಕು ಸಲ. ಕೊನೆಯ ಗುಂಡಾದ ಮೇಲೆ ಪಿಸ್ತೂಲಿನ ಮೇಲ್ಭಾಗದಲ್ಲಿ ಹಿಂದೆ ಮುಂದೆ ಜಾರುವ ಸ್ಲೈಡು ಹಿಂದೆಯೇ ನಿಂತು ‘ಖಾಲಿ’ ಅಂತ ತೋರಿಸಬೇಕಲ್ಲ, ಅದೂ ಇಲ್ಲ.

“ಮಣಿಕಟ್ಟು ಸಡಿಲ ಕಣಮ್ಮಾ. ಗಟ್ಟಿಯಾಗಿ ಹಿಡಿ. ಇದೇನು ಸೌಟಾ?” ಎಂದರು ಕಲಿಸುವವರು. ಸಾಲಿನಲ್ಲಿದ್ದವರೆಲ್ಲ ಕಿಸಕ್ಕನೆ ನಕ್ಕರು.

ಫೋನು ಮಾಡೋಣವೆಂದರೆ ನಿಮ್ಮ ಕಿವಿ. ಮೂವತ್ತು ವರ್ಷ ಗುಂಡಿನ ಸದ್ದು ಕೇಳಿ ಹಾಳಾದ ಆ ಕಿವಿಗೆ ನಾನು ಇಲ್ಲಿಂದ ಕೂಗಿದರೆ ಇಡೀ ಹಾಸ್ಟೆಲಿಗೆ ಕೇಳುತ್ತದೆ, ನಿಮಗೊಬ್ಬರಿಗೆ ಬಿಟ್ಟು. ಅದಕ್ಕೇ ಕಾಗದ. ನಾನು ನಿಮ್ಮ ಮಗಳು ಎಂದು ಇಲ್ಲಿ ಯಾರಿಗೂ ಹೇಳಿಲ್ಲ, ನೀವೂ ಯಾರಿಗೂ ಹೇಳಬೇಡಿ. ಶಸ್ತ್ರಾಗಾರದಲ್ಲಿ ನೀವು ಕೂರುತ್ತಿದ್ದ ಜಾಗದಲ್ಲಿ ಈಗ ಉಸ್ತುವಾರಿಯಾಗಿರುವವರು ನಿಮ್ಮ ಹಳೆಯ ಶಿಷ್ಯರೇ. ಬಾಯಿ ಬಿಡುವುದೇ ಇಲ್ಲವಾದ್ದರಿಂದ ನಾವು ಅವರನ್ನು ಚಿಲಕ ಎನ್ನುತ್ತೇವೆ. ಅವರ ತಲೆಯ ಮೇಲೆ ಗೋಡೆಯಲ್ಲಿ ನೀವು ಬಣ್ಣದಲ್ಲಿ ಬರೆದ ಹಲಗೆ ಇನ್ನೂ ಇದೆ. ನೋಡಿ ಹೆಮ್ಮೆಯಾಯಿತು, ಸುಳ್ಳೇಕೆ ಹೇಳಲಿ.

ಮೂರು ಪರೀಕ್ಷೆ ಇರುತ್ತವೆ. ಮೂರರಲ್ಲಿ ಒಂದಾದರೂ ಗೆಲ್ಲದಿದ್ದರೆ ಹೆಸರು ಹೊಡೆದುಹಾಕಿ ಮನೆಗೆ ಕಳಿಸುತ್ತಾರೆ. ಮೊದಲನೆಯದು ಈ ತಿಂಗಳ ಕೊನೆಗೆ. ಏನು ಮಾಡಲಿ, ಬೇಗ ಬರೆಯಿರಿ.

ಸೌಟು ಹಿಡಿದವಳು,
ನಿಮ್ಮ ಮಗಳು

*

ಜನವರಿ 19

ಮಗಳೇ,

ಡಾಕ್ಟರ ಹತ್ತಿರ ಹೋಗಿ ಬರೀ ‘ಹುಷಾರಿಲ್ಲ’ ಎಂದರೆ ಔಷಧ ಕೊಡುತ್ತಾರೆಯೇ? ಎಲ್ಲಿ, ಯಾವಾಗ, ಎಷ್ಟು ಸಲ ಎಂದು ಕೇಳುತ್ತಾರೆ. ನೀನು ‘ಇಪ್ಪತ್ತಕ್ಕೆ ನಾಲ್ಕು’ ಎಂದು ಬರೆದೆಯಲ್ಲ, ಅಷ್ಟರಮಟ್ಟಿಗೆ ನನ್ನ ಮಗಳು.

ಮೊದಲು ಒಂದು ಮಾತು ಅರ್ಥ ಮಾಡಿಕೋ. ಗುಂಡು ಮುಂದೆ ಹೋಗುವಾಗ ಒದೆಯುತ್ತದೆ. ಆ ಒದೆತಕ್ಕೆ ಸ್ಲೈಡು ಹಿಂದೆ ಓಡುತ್ತದೆ, ಓಡುತ್ತ ಖಾಲಿ ಕೊಳವೆಯನ್ನು ಎಳೆದು ಆಚೆ ಎಸೆಯುತ್ತದೆ. ಸ್ಪ್ರಿಂಗು ಅದನ್ನು ಮತ್ತೆ ಮುಂದೆ ತಳ್ಳುವಾಗ ಹಿಡಿಯೊಳಗಿನ ತೋಟಾ ಡಬ್ಬಿಯಿಂದ, ಅಂದರೆ ಮ್ಯಾಗಜಿನ್ನಿನಿಂದ, ಹೊಸ ತೋಟಾ ಒಳಗೆ ಬರುತ್ತದೆ. ಹೋಗಿ ಬರುವುದು, ಅಷ್ಟೇ ಅದರ ಕೆಲಸ. ನೀನು ಹೇಳಿದ ಎರಡು ಲಕ್ಷಣ ನೋಡಿದರೆ ನಿನ್ನದು ಪೂರ್ತಿ ಹಿಂದೆ ಹೋಗುತ್ತಿಲ್ಲ, ಅರ್ಧ ದಾರಿಯಲ್ಲೇ ತಿರುಗಿ ಬರುತ್ತಿದೆ. ಯಾಕೆ ಎನ್ನುವುದು ಪ್ರಶ್ನೆ.

ಕಾರ್ಖಾನೆಯವರು ತುಕ್ಕು ಹಿಡಿಯದಿರಲಿ ಎಂದು ದಪ್ಪ ಜಿಡ್ಡು ಬಳಿದಿರುತ್ತಾರೆ. ಅದು ಗುಂಡು ಹೊಡೆಯುವುದಕ್ಕೆ ಹಚ್ಚಿದ್ದಲ್ಲ, ಗೋದಾಮಿನಲ್ಲಿ ಮಲಗುವುದಕ್ಕೆ ಹಚ್ಚಿದ್ದು. ಪೂರ್ತಿ ಒರೆಸಿ, ಸ್ಲೈಡು ಜಾರುವ ಗೀರುಗಳಿಗೆ ಮಾತ್ರ ತೆಳು ಎಣ್ಣೆ ಹಾಕು. ಇದೊಂದು. ನಿನಗೆ ಕೊಟ್ಟಿರುವ ಮೂರು ಮ್ಯಾಗಜಿನ್ನಿಗೂ ಬಿಳಿ ಬಣ್ಣದಲ್ಲಿ ಒಂದು, ಎರಡು, ಮೂರು ಚುಕ್ಕಿ ಇಡು. ಯಾವ ಚುಕ್ಕಿಯದು ಇದ್ದಾಗ ನಿಂತಿತು ಎಂದು ಬರೆದುಕೋ. ಒಂದು ಸಲಕ್ಕೆ ಒಂದೇ ಬದಲಾವಣೆ, ನೆನಪಿರಲಿ. ಎಲ್ಲವನ್ನೂ ಒಟ್ಟಿಗೆ ಬದಲಿಸಿ ಸರಿಹೋದರೆ, ಯಾವುದು ಸರಿ ಮಾಡಿತು ಎಂದು ಬ್ರಹ್ಮನಿಗೂ ಗೊತ್ತಾಗುವುದಿಲ್ಲ. ನಿಂತಾಗ ಗಾಬರಿಯಾಗಿ ಆಚೆ ಈಚೆ ತಿರುಗಬೇಡ. ಪಿಸ್ತೂಲಿನ ಮುಖ ಗುರಿಯ ಕಡೆಗೇ ಇರಲಿ, ಬೆರಳು ಕುದುರೆಯಿಂದ, ಅಂದರೆ ಟ್ರಿಗರಿನಿಂದ, ದೂರ ಇರಲಿ.

ಇನ್ನೊಂದು ಮಾತು. ನೀನು ಮಗಳಾದ್ದರಿಂದ ಬೆಣ್ಣೆ ಹಚ್ಚಿ ಹೇಳುವುದಿಲ್ಲ. ನೂರರಲ್ಲಿ ತೊಂಬತ್ತು ಸಲ ಅದು ಕೈಯ ತಪ್ಪೇ ಆಗಿರುತ್ತದೆ. ಹಿಡಿತ ಸಡಿಲವಿದ್ದರೆ ಒದೆತದ ಜೋರು ಕೈಯಲ್ಲೇ ಕಳೆದುಹೋಗುತ್ತದೆ, ಸ್ಲೈಡು ಓಡಲು ಸಾಲುವುದಿಲ್ಲ. ಕೈ ಸುಳ್ಳು ಹೇಳುತ್ತದೆ, ಲೋಹ ಹೇಳುವುದಿಲ್ಲ.

ನಿನ್ನಮ್ಮ ಪಕ್ಕದಲ್ಲಿ ನಿಂತು ‘ಉಂಡಳಾ ಕೇಳಿ’ ಎಂದು ಕೂಗುತ್ತಿದ್ದಾಳೆ. ಉಂಡೆಯಾ?

ಅಪ್ಪ

*

ಫೆಬ್ರವರಿ 2

ಅಪ್ಪಾ,

ಉಂಡೆ. ಮೊದಲ ಪರೀಕ್ಷೆಯಲ್ಲಿ ಬಿದ್ದೆ. ಐವತ್ತು ಗುಂಡಿಗೆ ಏಳು ಸಲ ನಿಂತಿತು. ನಿಂತ ಪ್ರತಿಯೊಂದಕ್ಕೂ ಗುರಿ ತಪ್ಪಿದ ಲೆಕ್ಕ. ಹೊಡೆದದ್ದೆಲ್ಲ ನಟ್ಟನಡುವೆ ಬಿದ್ದಿದೆ, ಅದಕ್ಕೇ ಹೆಚ್ಚು ಹೊಟ್ಟೆ ಉರಿಯುವುದು.

ನೀವು ಹೇಳಿದ್ದೆಲ್ಲ ಮಾಡಿದೆ. ಜಿಡ್ಡು ಒರೆಸಿದ ಬಟ್ಟೆ ಕಪ್ಪು ಬೆಣ್ಣೆಯ ಹಾಗಾಯಿತು. ಅದಾದ ಮೇಲೆ ಇಪ್ಪತ್ತಕ್ಕೆ ನಾಲ್ಕು ಇದ್ದದ್ದು ಮೂರಕ್ಕೆ ಇಳಿಯಿತು. ಚುಕ್ಕಿಗಳೂ ಏನೂ ಹೇಳಲಿಲ್ಲ. ಒಂದರಲ್ಲೂ ನಿಲ್ಲುತ್ತದೆ, ಎರಡರಲ್ಲೂ ನಿಲ್ಲುತ್ತದೆ, ಮೂರರಲ್ಲೂ ನಿಲ್ಲುತ್ತದೆ.

ಧೈರ್ಯ ಮಾಡಿ ಚಿಲಕ ಸಾಹೇಬರಿಗೆ ದೂರು ಬರೆದುಕೊಟ್ಟೆ. ಅವರು ಪಿಸ್ತೂಲು ತೆಗೆದುಕೊಂಡು ಹೋಗಿ, ನಿಂತ ಜಾಗದಲ್ಲೇ ಹತ್ತು ಗುಂಡು ಹೊಡೆದರು. ಟಪ ಟಪ ಟಪ, ಹತ್ತೂ ಹೋದವು. ಪಿಸ್ತೂಲು ವಾಪಸು ಕೊಟ್ಟು ಹಲಗೆಯ ಕಡೆ ಬೆರಳು ತೋರಿಸಿದರು. ನೀವೇ ಬರೆದದ್ದು, ಆದರೂ ಇಲ್ಲಿ ಇಳಿಸುತ್ತೇನೆ: ‘ಆಯುಧ ಸರಿಯಿಲ್ಲವೆಂದು ದೂರು ಬಂದರೆ ಉಸ್ತುವಾರಿ ತನ್ನ ಕೈಯಿಂದ ಹತ್ತು ಗುಂಡು ಹೊಡೆಯಲಿ. ಹತ್ತೂ ಹೋದರೆ ಆಯುಧ ನಿರ್ದೋಷ. ದೋಷ ಕೈಯದು.’

ಅವತ್ತು ಚಿಲಕ ಬಾಯಿ ಬಿಟ್ಟರು. “ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ.” ಅಷ್ಟೇ ಅಂದು ಒಳಗೆ ಹೋದರು.

ನನ್ನ ಪಕ್ಕದ ಮಂಚದವಳದ್ದೂ ಇದೇ ಪಾಡು. ತೆಳ್ಳಗಿದ್ದಾಳೆಂದು ಎಲ್ಲರೂ ಅವಳನ್ನು ಕಡ್ಡಿ ಎನ್ನುತ್ತಾರೆ. ಅವಳೂ ದೂರು ಕೊಟ್ಟಳು, ಅವಳದಕ್ಕೂ ಹತ್ತು ಗುಂಡು, ಅದೇ ಹಲಗೆ. ಈಗ ದಿನಾ ಬೆಳಿಗ್ಗೆ ನೀರು ತುಂಬಿದ ಬಕೆಟ್ಟು ಎತ್ತಿ ಇಳಿಸುತ್ತಾಳೆ, ಮಣಿಕಟ್ಟು ಗಟ್ಟಿಯಾಗಲಿ ಎಂದು. ನಾನೂ ಎತ್ತುತ್ತೇನೆ. ಬಕೆಟ್ಟಿನಿಂದ ಪರೀಕ್ಷೆ ಪಾಸಾಗುತ್ತದೆಯೇ ಅಪ್ಪ?

ಬಕೆಟ್ಟು ಹೊತ್ತು ಸುಸ್ತಾದ,
ನಿಮ್ಮ ಮಗಳು

*

ಫೆಬ್ರವರಿ 10

ಮಗಳೇ,

ಬಕೆಟ್ಟು ಕೆಳಗಿಡು. ನಿನ್ನ ಕಾಗದ ನಾಲ್ಕು ಸಲ ಓದಿದೆ.

ಜಿಡ್ಡು ತೆಗೆದರೆ ಸ್ವಲ್ಪ ಮಾತ್ರ ಇಳಿಯಿತು, ಹಾಗಾದರೆ ಜಿಡ್ಡು ಪೂರ್ತಿ ಕಾರಣವಲ್ಲ. ಮೂರೂ ಮ್ಯಾಗಜಿನ್ನಿನಲ್ಲಿ ನಿಂತಿತು, ಹಾಗಾದರೆ ಅವೂ ಅಲ್ಲ. ಇನ್ನುಳಿದವು ಮೂರು: ಕೈ, ತೋಟಾ, ಪಿಸ್ತೂಲಿನ ಒಳಗು. ಇವನ್ನು ಬಿಡಿಸಲು ಅದಲು ಬದಲು ಮಾಡಿ ನೋಡಬೇಕು. ಸರಿಯಾಗಿ ಓಡುವ ಬೇರೊಬ್ಬರ ಪಿಸ್ತೂಲನ್ನು ನೀನು ಹೊಡೆ. ನಿನ್ನದನ್ನು ಅವರು ಹೊಡೆಯಲಿ. ಗಟ್ಟಿ ಕೈಯವರೊಬ್ಬರು, ಸಣ್ಣ ಕೈಯವರೊಬ್ಬರು ಇರಲಿ. ಅಭ್ಯಾಸಕ್ಕೆ ಕೊಡುವ ತೋಟಾ ಮೆದುವಾಗಿರುತ್ತದೆ, ಒದೆತ ಕಡಿಮೆ. ಕಾವಲಿಗೆ ಕೊಡುವ ಜೋರು ತೋಟಾ ಎಂದಾದರೂ ಹೊಡೆಸುತ್ತಾರೆ. ಅವತ್ತು ಏನಾಗುತ್ತದೆ ಗಮನಿಸು.

ಚಿಲಕನ ಮಾತಿಗೆ ಬೇಜಾರು ಮಾಡಿಕೊಳ್ಳಬೇಡ. ಅವನು ನಿಯಮದ ಪ್ರಕಾರವೇ ನಡೆದಿದ್ದಾನೆ. ಆ ನಿಯಮ ಮಾಡಿದವನು ನಾನೇ ತಾನೆ.

ಅಪ್ಪ

*

ಫೆಬ್ರವರಿ 26

ಅಪ್ಪಾ,

ಎರಡನೆಯದರಲ್ಲೂ ಬಿದ್ದೆ. ಇನ್ನು ಉಳಿದಿರುವುದು ಒಂದೇ, ಮಾರ್ಚ್ 28ಕ್ಕೆ.

ಅದಲು ಬದಲು ಪರೀಕ್ಷೆಗೆ ಸಿಕ್ಕವನು ನಮ್ಮ ತಂಡದ ಪೈಲ್ವಾನ. ಅವನ ಅಂಗೈಯಲ್ಲಿ ಪಿಸ್ತೂಲು ಬೆಂಕಿಪೆಟ್ಟಿಗೆಯ ಹಾಗೆ ಕಾಣುತ್ತದೆ. ಕಲಿಸುವವರು ಗೊಣಗುತ್ತಲೇ ಒಪ್ಪಿದರು. ನೋಡಿ, ಬರೆದುಕೊಂಡದ್ದನ್ನು ಹಾಗೇ ಇಳಿಸುತ್ತೇನೆ. ಪೈಲ್ವಾನನ ಪಿಸ್ತೂಲು ನನ್ನ ಕೈಯಲ್ಲಿ ಐವತ್ತು ಗುಂಡು, ಒಂದು ಸಲವೂ ನಿಲ್ಲಲಿಲ್ಲ. ಕಡ್ಡಿಯ ಕೈಯಲ್ಲೂ ಅದು ನಿಲ್ಲಲಿಲ್ಲ. ನನ್ನದು ಪೈಲ್ವಾನನ ಕೈಯಲ್ಲಿ ನಿಲ್ಲಲಿಲ್ಲ. ನನ್ನದು ಕಡ್ಡಿಯ ಕೈಯಲ್ಲಿ ಇಪ್ಪತ್ತಕ್ಕೆ ನಾಲ್ಕು. ಜೋರು ತೋಟಾ ಹತ್ತು ಕೊಟ್ಟ ದಿನ ನನ್ನದು ನನ್ನ ಕೈಯಲ್ಲೇ ಬೆಣ್ಣೆಯ ಹಾಗೆ ಓಡಿತು.

ಈಗ ಹೇಳಿ. ನನ್ನ ಕೈ ಸರಿಯಿಲ್ಲದಿದ್ದರೆ ಅವನ ಪಿಸ್ತೂಲು ನನ್ನ ಕೈಯಲ್ಲಿ ಹೇಗೆ ಓಡಿತು? ನನಗೆ ಅನ್ನಿಸುವುದು ಇಷ್ಟು: ನನ್ನ ಪಿಸ್ತೂಲಿನಲ್ಲಿ ಏನೋ ಐಬಿದೆ, ಗಟ್ಟಿ ಕೈಯವರು ಹಿಡಿದರೆ ಅದು ಮುಚ್ಚಿಹೋಗುತ್ತದೆ. ಚಿಲಕ ಸಾಹೇಬರ ತೋಳೂ ಪೈಲ್ವಾನನ ತೋಳಿನ ಹಾಗೇ ಇದೆ. ಅವರು ಹೊಡೆದರೆ ಹತ್ತೂ ಹೋಗುತ್ತವೆ, ಹೋಗದೆ ಏನು? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು ನಮ್ಮ ಕಥೆ.

ಇದನ್ನೆಲ್ಲ ಅವರ ಮುಂದೆ ಇಟ್ಟೆ. ಓದಿದರು. “ನಿಯಮದಲ್ಲಿ ಅದಲು ಬದಲು ಇಲ್ಲಮ್ಮಾ” ಎಂದರು.

ಕಡ್ಡಿ ನಿನ್ನೆ ಮನೆಗೆ ಹೋದಳು. ಮೂರನೇ ಪರೀಕ್ಷೆಗೂ ನಿಲ್ಲಲಿಲ್ಲ, ತಾನೇ ರಾಜೀನಾಮೆ ಬರೆದುಕೊಟ್ಟಳು. ಅವಳ ಪಿಸ್ತೂಲಿನಲ್ಲೂ ಇದೇ ಐಬು ಇದ್ದೀತು ಎಂದೆ. “ಇಲ್ಲ ಕಣೇ, ನನ್ನ ಕೈಯೇ ಸರಿಯಿಲ್ಲ” ಎಂದು ಅಂಗೈ ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಹೋಗುವಾಗ ಬಕೆಟ್ಟು ತೊಳೆದು ಬೋರಲು ಹಾಕಿ ಹೋದಳು. ನನಗೆ ಅಳು ತಡೆಯಲಾಗಲಿಲ್ಲ.

ಒಂದೇ ಅವಕಾಶ ಉಳಿದ,
ನಿಮ್ಮ ಮಗಳು

*

ಮಾರ್ಚ್ 4

ಮಗಳೇ,

ಅದು ಸ್ಪ್ರಿಂಗು. ಸ್ಲೈಡನ್ನು ಮುಂದೆ ತಳ್ಳುವ ದೊಡ್ಡ ಸ್ಪ್ರಿಂಗು. ಬೇರೆ ಮಾದರಿಗೆ ಹಾಕಬೇಕಾದ ಬಿಗಿಯದು ನಿನ್ನದರಲ್ಲಿ ಸೇರಿಕೊಂಡಿದೆ. ಮೆದು ತೋಟಾದ ಒದೆತಕ್ಕೆ ಅದು ಪೂರ್ತಿ ಕುಗ್ಗುವುದಿಲ್ಲ. ತಂತಿ ಒಂದು ಕೂದಲಷ್ಟು ಹೆಚ್ಚು ದಪ್ಪ ಇರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಸರಿಯಾದದ್ದರ ಪಕ್ಕ ಇಟ್ಟು ಹೆಬ್ಬೆರಳಿನಲ್ಲಿ ಒತ್ತಿದರೆ ಗೊತ್ತಾಗುತ್ತದೆ.

ಈಗ ಗಲಾಟೆ ಮಾಡಬೇಡ. ಚಿಲಕನ ಹತ್ತಿರ ಹೋಗಿ ‘ಮಾಮೂಲಿ ಸರ್ವೀಸು ಮಾಡಿಕೊಡಿ’ ಎನ್ನು, ಅಷ್ಟು ಸಾಕು. ಸರ್ವೀಸಿನಲ್ಲಿ ಸ್ಪ್ರಿಂಗು ಹೇಗೂ ಬದಲಾಗುತ್ತದೆ. ಯಾರೂ ಏನೂ ಬರೆಯಬೇಕಾಗಿಲ್ಲ, ಯಾರ ಮೇಲೂ ಮಾತು ಬರುವುದಿಲ್ಲ. ಪರೀಕ್ಷೆ ಪಾಸಾಗಿ ಬಾ.

ಅಪ್ಪ

*

ಮಾರ್ಚ್ 10

ಅಪ್ಪಾ,

ಎರಡು ತಿಂಗಳು ನನ್ನನ್ನು ಒಂದೊಂದೇ ಮೆಟ್ಟಿಲು ಹತ್ತಿಸಿದವರು ಈ ಸಲ ಒಂದೇ ನೆಗೆತಕ್ಕೆ ಅಟ್ಟ ಹತ್ತಿದಿರಿ. ಬಿಚ್ಚಿ ನೋಡದೆ, ಮುಟ್ಟದೆ, ತಂತಿ ಕೂದಲಷ್ಟು ಹೆಚ್ಚು ದಪ್ಪ ಎನ್ನುವುದು ನಿಮಗೆ ಹೇಗೆ ಗೊತ್ತಾಯಿತು?

ನಾನು ಒಂದು ವಿಷಯ ನೆನಪು ಮಾಡಿಕೊಂಡೆ. ನನಗೆ ಆರೋ ಏಳೋ ವರ್ಷ. ಅಮ್ಮ ಅಂಗಿಯ ಗುಂಡಿ, ಸೂಜಿ ಹಾಕಿಡುವ ಗುಂಡಿಡಬ್ಬಿಯಲ್ಲಿ ಒಂದು ಉದ್ದ ಸ್ಪ್ರಿಂಗು ಸಿಕ್ಕಿತ್ತು. ಪೆನ್ಸಿಲಿಗೆ ಹಾಕಿಕೊಂಡು ಆಡುತ್ತಿದ್ದೆ. ನೀವು ಕಿತ್ತುಕೊಂಡು ಕೆನ್ನೆಗೆ ಹೊಡೆದಿರಿ. ಅದಕ್ಕೆ ಮುಂಚೆಯೂ ಹೊಡೆದವರಲ್ಲ, ಆಮೇಲೂ ಹೊಡೆಯಲಿಲ್ಲ. ಅದು ಯಾವ ಸ್ಪ್ರಿಂಗು ಅಪ್ಪ?

ಮಾಮೂಲಿ ಸರ್ವೀಸು ನಾನು ಕೇಳುವುದಿಲ್ಲ. ಕೇಳಿದರೆ ನನ್ನ ಕೆಲಸ ಉಳಿಯುತ್ತದೆ, ಒಪ್ಪಿದೆ. ಕಡ್ಡಿಯ ರಾಜೀನಾಮೆ? ಅವಳು ಈಗ ತನ್ನ ಮನೆಯಲ್ಲಿ ಕೂತು ಕೈ ನೋಡಿಕೊಳ್ಳುತ್ತಿದ್ದಾಳೆ. ಮುಂದಿನ ವರ್ಷ ಇನ್ನೊಬ್ಬಳು ಬರುತ್ತಾಳೆ, ಅವಳಿಗೂ ಅದೇ ಹಲಗೆ ತೋರಿಸುತ್ತಾರೆ. ಸ್ಪ್ರಿಂಗು ಕಳಚಲು ನಮಗೆ ಅಪ್ಪಣೆಯಿಲ್ಲ, ಅದಕ್ಕೇ ಚಿಲಕ ಸಾಹೇಬರನ್ನು ನೇರವಾಗಿ ಕೇಳಿದೆ: ಪಿಸ್ತೂಲು ಬಿಚ್ಚಿ ಸ್ಪ್ರಿಂಗು ಹೋಲಿಸಿ ನೋಡಿ ಎಂದು. “ಹತ್ತು ಗುಂಡು ಹೋದ ಆಯುಧನ ದೂರಿನ ಮೇಲೆ ಬಿಚ್ಚೋ ಹಾಗಿಲ್ಲ. ನಿಯಮ ಬರೆದವರೇ ಬಂದು ತಪ್ಪು ಅಂತ ಬರ್ಕೊಟ್ರೆ ಆ ಮಾತು ಬೇರೆ” ಎಂದರು.

ನಿಯಮ ಬರೆದವರು ಯಾರು ಎಂದು ನನಗೆ ಗೊತ್ತು. ಅವರು ಏನು ಮಾಡುತ್ತಾರೆ ಎಂದು ಗೊತ್ತಿಲ್ಲ.

ಮಗಳು

*

ಮಾರ್ಚ್ 17

ಮಗಾ,

ನಾನು ಅಮ್ಮ. ನಿನ್ನ ಕಾಗದ ಬಂದಾಗಿನಿಂದ ನಿಮ್ಮಪ್ಪ ಸರಿಯಾಗಿಲ್ಲ. ಊಟಕ್ಕೆ ಕರೆದ್ರೆ ಬರಲ್ಲ. ಕಿವಿ ಕೇಳ್ತಿಲ್ಲ ಅಂದ್ಕೊಂಡು ಹೋಗಿ ಭುಜ ಮುಟ್ಟಿದ್ರೆ ಬೆಚ್ಚಿಬೀಳ್ತಾರೆ. ಬರೀತಾರೆ, ಹರೀತಾರೆ. ಒಲೆ ಹಚ್ಚೋಕೆ ಸಾಕಾಗೋಷ್ಟು ಕಾಗದ ಹರಿದಿದ್ದಾರೆ.

ನಿನ್ನೆ ಗುಂಡಿಡಬ್ಬಿ ಮುಂದಿಟ್ಕೊಂಡು ಕೂತಿದ್ರು. ನಾನೇನು ಕುರುಡಿಯಾ? ಆ ಸ್ಪ್ರಿಂಗು ನಾನು ಈ ಮನೆಗೆ ಬಂದ ಹೊಸದ್ರಿಂದ ಅಲ್ಲೇ ಇದೆ. ಒಂದ್ಸಲ ಎಸೀತೀನಿ ಅಂದಿದ್ದಕ್ಕೆ ಎರಡು ದಿನ ಮಾತು ಬಿಟ್ಟಿದ್ರು. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅಂತಾರಲ್ಲ, ಹಾಗೆ. ಅದೇನಿದೆಯೋ ಹೇಳಿಬಿಡಿ, ಮಗಳೇನು ನಿಮ್ಮನ್ನ ನುಂಗ್ತಾಳಾ ಅಂತ ಕಿವಿ ಹತ್ರ ಹೋಗಿ ಕೂಗಿದೆ. ಕೇಳಿಸ್ತು ಅನ್ಸುತ್ತೆ.

ಹಟ ಮಾಡು, ಬೇಡ ಅನ್ನಲ್ಲ. ಆದ್ರೆ ಹೊಟ್ಟೆಗೆ ತಿಂದು ಹಟ ಮಾಡು.

ಅಮ್ಮ

*

ಮಾರ್ಚ್ 19

ಮಗಳೇ,

ನಿನ್ನ ಪ್ರಶ್ನೆಗೆ ಉತ್ತರ ಬರೆಯುತ್ತಿದ್ದೇನೆ. ಈ ಸಲ ಹರಿಯುವುದಿಲ್ಲ.

ಮೂವತ್ತೊಂದು ವರ್ಷದ ಹಿಂದೆ ನಮ್ಮ ಶಾಲೆಗೂ ಹೀಗೇ ಹೊಸ ಪಿಸ್ತೂಲುಗಳು ಬಂದವು. ಆಗ ನಾನು ಹೊಸದಾಗಿ ಶಸ್ತ್ರಾಗಾರದ ಉಸ್ತುವಾರಿಯಾಗಿದ್ದೆ. ಆ ವರ್ಷ ತರಬೇತಿಗೆ ಸೇರಿದವರಲ್ಲಿ ನನಗೊಬ್ಬ ಗೆಳೆಯನಿದ್ದ. ಸಣ್ಣ ಆಳು, ಗುಬ್ಬಿ ಎಂದೇ ಕರೆಯುತ್ತಿದ್ದೆವು. ಅವನು ನನ್ನನ್ನು ಸುತ್ತಿಗೆ ಎನ್ನುತ್ತಿದ್ದ. ಒಂದೇ ತಟ್ಟೆಯಲ್ಲಿ ಉಂಡವರು ನಾವು. ಅವನ ಗುರಿಯಂಥ ಗುರಿಯನ್ನು ನಾನು ಇವತ್ತಿಗೂ ನೋಡಿಲ್ಲ. ಅವನ ಹೊಸ ಪಿಸ್ತೂಲು ನಿನ್ನದರ ಹಾಗೇ ನಿಲ್ಲುತ್ತಿತ್ತು. ನನ್ನ ಹತ್ತಿರ ತಂದ. ನಾನು ಹತ್ತು ಗುಂಡು ಹೊಡೆದೆ. ನನ್ನ ತೋಳು ಆಗ ಹೇಗಿತ್ತು ಎಂದು ನಿನ್ನಮ್ಮನನ್ನು ಕೇಳು. ಹತ್ತೂ ಹೋದವು. ವರದಿಯಲ್ಲಿ ಬರೆದೆ: ‘ಆಯುಧ ನಿರ್ದೋಷ. ಮಣಿಕಟ್ಟು ಸಡಿಲ.’ ಅವನ ಹೆಸರು ಹೊಡೆದುಹಾಕಿದರು. ಹೋಗುವ ದಿನ ಅವನು ನನ್ನ ಮೇಲೆ ಕೂಗಾಡಲಿಲ್ಲ. “ನೀನು ಬರೆದಿದೀಯ ಅಂದ್ಮೇಲೆ ಸರಿ ಇರುತ್ತೆ ಬಿಡೋ” ಎಂದು ಹೊರಟುಹೋದ.

ಇಷ್ಟೇ ಆಗಿದ್ದರೆ ತಿಳಿಯದೆ ಮಾಡಿದ ತಪ್ಪು ಎನ್ನಬಹುದಿತ್ತು. ಎಂಟು ತಿಂಗಳ ಮೇಲೆ ಅದೇ ಪಿಸ್ತೂಲು ಸರ್ವೀಸಿಗೆ ಬಂತು. ಬಿಚ್ಚಿದೆ. ಸ್ಪ್ರಿಂಗು ಬೇರೆಯದು. ಮೇಜಿನ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ಹೆಬ್ಬೆರಳಿನಲ್ಲಿ ಒತ್ತಿ ನೋಡಿದೆ. ಆಮೇಲೆ ಸರಿಯಾದದ್ದು ಹಾಕಿ, ಪುಸ್ತಕದಲ್ಲಿ ‘ಮಾಮೂಲಿ ಸರ್ವೀಸು’ ಎಂದು ಬರೆದು, ಹಳೆಯದನ್ನು ಜೇಬಿಗೆ ಹಾಕಿಕೊಂಡು ಮನೆಗೆ ಬಂದೆ. ಅಷ್ಟು ಹೊತ್ತಿಗೆ ಮೇಲಿನವರು ನನ್ನ ಹತ್ತು ಗುಂಡಿನ ಪರೀಕ್ಷೆಯನ್ನು ಮೆಚ್ಚಿ ನಿಯಮ ಮಾಡಿದ್ದರು. ಹಲಗೆ ಬರೆಯಲು ಹೇಳಿದ್ದರು. ಬಾಯಿ ಬಿಟ್ಟಿದ್ದರೆ ಹಲಗೆಯೂ ಇಲ್ಲ, ಉಸ್ತುವಾರಿಯೂ ಇಲ್ಲ. ಬಾಯಿ ಮುಚ್ಚಿಕೊಂಡು ಹಲಗೆ ಬರೆದೆ. ಬಣ್ಣ ಒಣಗುವ ತನಕ ಪಕ್ಕದಲ್ಲೇ ನಿಂತಿದ್ದೆ, ನೊಣ ಕೂರದಿರಲಿ ಎಂದು.

ನಿನಗೂ ಅದೇ ದಾರಿ ತೋರಿಸಿದೆನಲ್ಲ, ಮಾಮೂಲಿ ಸರ್ವೀಸು. ನಾಚಿಕೆಯಾಗುತ್ತಿದೆ. ನೀನು ಕೇಳದಿದ್ದದ್ದು ಒಳ್ಳೆಯದಾಯಿತು.

ಚಿಲಕನಿಗೆ ಇವತ್ತೇ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದ್ದರ ನಕಲು ಇದು:

‘ಉಸ್ತುವಾರಿಯವರಿಗೆ. ಹತ್ತು ಗುಂಡಿನ ನಿಯಮ ತಪ್ಪು. ಬರೆದವನು ನಾನು, ತಪ್ಪೆಂದು ಹೇಳುತ್ತಿರುವವನೂ ನಾನು. ಗಟ್ಟಿ ಕೈ ಪಿಸ್ತೂಲಿನ ಐಬನ್ನು ಮುಚ್ಚುತ್ತದೆ. ಯಾರ ಕೈಯಲ್ಲಿ ನಿಂತಿತೋ ಅವರ ಕೈಯಲ್ಲೇ ಓಡಿಸಿ ನೋಡಬೇಕು. ಇದು ನನಗೆ ಮೂವತ್ತು ವರ್ಷದಿಂದ ಗೊತ್ತಿತ್ತು, ಹೇಳಲಿಲ್ಲ. ನಲವತ್ತೂ ಪಿಸ್ತೂಲು ಬಿಚ್ಚಿ ಸ್ಪ್ರಿಂಗು ಹೋಲಿಸು. ಹಲಗೆ ಇಳಿಸು. ಈ ಕಾಗದವನ್ನು ಮೇಲಿನವರಿಗೂ ತೋರಿಸು, ಮುಚ್ಚಿಡಬೇಡ. ದೂರು ಕೊಟ್ಟವರಲ್ಲಿ ಒಬ್ಬಳು ನನ್ನ ಮಗಳು. ಅದಕ್ಕೇ ಬರೆದ ಎನ್ನುತ್ತಾರೆ. ಅವಳಿಲ್ಲದಿದ್ದರೆ ಬರೆಯುತ್ತಲೇ ಇರಲಿಲ್ಲ ಎನ್ನುವುದು ನಿಜವೇ.’

ಕುಣಿಯುವವಳಿಗೂ ಒಮ್ಮೊಮ್ಮೆ ನೆಲ ಡೊಂಕಾಗಿರುತ್ತದೆ ಮಗಳೇ. ಅವತ್ತು ಕೆನ್ನೆಗೆ ಹೊಡೆದದ್ದು ಮರೆತುಬಿಡು ಎನ್ನಲಾರೆ.

ಅಪ್ಪ

*

ಮಾರ್ಚ್ 29

ಅಪ್ಪಾ,

ಮೊದಲು ಫಲಿತಾಂಶ: ಐವತ್ತಕ್ಕೆ ಐವತ್ತೂ ಓಡಿದವು, ನಲವತ್ತೊಂಬತ್ತು ಗುರಿಗೆ ಬಿದ್ದವು. ಆ ಒಂದು ಮಾತ್ರ ನಿಜವಾಗಿಯೂ ನನ್ನ ಕೈಯ ತಪ್ಪು.

ನಿಮ್ಮ ಕಾಗದ ಬಂದ ದಿನ ಚಿಲಕ ಸಾಹೇಬರು ಬಾಗಿಲು ಹಾಕಿಕೊಂಡರು. ಮಧ್ಯಾಹ್ನ ನನ್ನನ್ನು ಕರೆಸಿದರು. ಕಣ್ಣು ಕೆಂಪಾಗಿತ್ತು. “ನಮ್ಮ ಗುರುಗಳ ಹಾಗೆ ಮ್ಯಾಗಜಿನ್ನಿಗೆ ಬಿಳಿ ಚುಕ್ಕಿ ಇಟ್ಟಾಗಲೇ ಅಂದ್ಕೊಂಡೆ, ಇವಳು ಯಾರೋ ನಮ್ಮ ಮನೆಯವಳೇ ಅಂತ” ಎಂದರು. ನನ್ನ ಮುಂದೆಯೇ ಬಿಚ್ಚಿದರು. ಎರಡು ಸ್ಪ್ರಿಂಗು ಪಕ್ಕಪಕ್ಕ ಇಟ್ಟು ಒತ್ತಿ ನೋಡಿದರು. ನನ್ನ ಹೆಬ್ಬೆರಳಿಗೂ ಒತ್ತಿಸಿದರು. ನಲವತ್ತರಲ್ಲಿ ಆರಕ್ಕೆ ಬೇರೆ ಸ್ಪ್ರಿಂಗು ಬಿದ್ದಿತ್ತು. ನನ್ನದು, ಕಡ್ಡಿಯದು, ಮತ್ತೆ ನಾಲ್ಕು ಜನ ದಾಂಡಿಗರದು. ಅವರಿಗೆ ಗೊತ್ತೇ ಆಗಿರಲಿಲ್ಲ ಪಾಪ.

ಮೇಲಿನವರಿಗೆ ನಿಮ್ಮ ಕಾಗದ ಹೋಗಿದೆ. ನಿಮ್ಮ ಹೆಸರಿಗೆ ಸ್ವಲ್ಪ ಮಸಿ ಹತ್ತುತ್ತದೆ ಎಂದರು ಚಿಲಕ, ನಾನು ಮುಚ್ಚಿಡುವುದಿಲ್ಲ. ಕಡ್ಡಿಗೆ ವಾಪಸು ಬರಲು ಹೇಳಿ ಕಳಿಸಿದ್ದಾರೆ. ಹಲಗೆ ಇಳಿಸುವಾಗ ನಾನೇ ಏಣಿ ಹಿಡಿದುಕೊಂಡೆ. ಗೋಡೆಯಲ್ಲಿ ಅದರ ಗಾತ್ರದ ಬಿಳಿ ಚೌಕ ಉಳಿದಿದೆ.

ನಿಮ್ಮ ಮೇಲೆ ಸಿಟ್ಟಿದೆ ಅಪ್ಪ. ನಿಮ್ಮ ಮಗಳು ಎಂದು ಇಲ್ಲಿ ಎಲ್ಲರಿಗೂ ಹೇಳಿದ್ದೇನೆ. ಎರಡೂ ನಿಜ. ಗುಬ್ಬಿ ಮಾಮನ ವಿಳಾಸವನ್ನು ಚಿಲಕ ಸಾಹೇಬರು ಹಳೆಯ ದಾಖಲೆಯಲ್ಲಿ ಊರು ನೋಡಿ, ವಿಚಾರಿಸಿ ಕೊಟ್ಟರು, ಈ ಕಾಗದದ ಹಿಂದೆ ಬರೆದಿದ್ದೇನೆ. ಮುಂದಿನ ಕಾಗದ ನನಗೆ ಬೇಡ, ಅವರಿಗೆ ಬರೆಯಿರಿ.

ನಿಮ್ಮ ಮಗಳು, ಎಲ್ಲರಿಗೂ ಗೊತ್ತಿರುವಂತೆ

*

ಏಪ್ರಿಲ್ 6

ಗುಬ್ಬೀ,

ಇದರ ಜೊತೆ ಇರುವ ಸ್ಪ್ರಿಂಗು ನಿನ್ನ ಪಿಸ್ತೂಲಿನದು. ಅದು ಬೇರೆ ಮಾದರಿಯದು, ಬಿಗಿ. ನಿನ್ನ ಕೈಯಲ್ಲಿ ಯಾವ ದೋಷವೂ ಇರಲಿಲ್ಲ. ನೀನು ಹೋದ ಎಂಟು ತಿಂಗಳಿಗೆ ನನಗೆ ಇದು ಗೊತ್ತಾಯಿತು. ನಿನಗೆ ಹೇಳಲು ಮೂವತ್ತು ವರ್ಷ ಬೇಕಾಯಿತು. ಹೆದರಿದೆ, ಆಮೇಲೆ ಅಭ್ಯಾಸವಾಯಿತು. ನನ್ನ ಮಗಳು ಹಿಡಿದು ನಿಲ್ಲಿಸದಿದ್ದರೆ ಹಾಗೇ ಸಾಯುತ್ತಿದ್ದೆ.

ಕ್ಷಮಿಸು ಎಂದು ಕೇಳುವ ಮುಖವಿಲ್ಲ. ವರದಿ ತಪ್ಪೆಂದು ಇಲಾಖೆಗೆ ಬೇರೊಂದು ಕಾಗದ ಬರೆದಿದ್ದೇನೆ, ನಿನ್ನ ಹೆಸರು ಹಾಕಿ.

ಸುತ್ತಿಗೆ

*

ಮೇ 2

ಸುತ್ತಿಗೆ,

ನಿನ್ನ ಕಾಗದವೂ ಸ್ಪ್ರಿಂಗೂ ತಲುಪಿ ಮೂರು ವಾರವಾಯಿತು. ಉತ್ತರ ಬರೆಯಬಾರದು ಎಂದೇ ಇದ್ದೆ. ನಿನ್ನ ಮಗಳು ಒಂದು ಕಾಗದ ಬರೆದಳು, ಯಾವುದೋ ಕಡ್ಡಿ ಎಂಬ ಹುಡುಗಿಯ ಕಥೆಯೆಲ್ಲ ಹೇಳಿ. ಅವಳಿಗಾಗಿ ಬರೆಯುತ್ತಿದ್ದೇನೆ.

ನಾನು ಇಲ್ಲಿ ಹೊಲಿಗೆ ಮಷೀನು ರಿಪೇರಿ ಅಂಗಡಿ ಇಟ್ಟು ಇಪ್ಪತ್ತೆಂಟು ವರ್ಷ. ಕಾಲಲ್ಲಿ ತುಳಿಯುವ ಹಳೆಯವು ಜಾಸ್ತಿ. ಒಂದು ಪದ್ಧತಿ ಇದೆ ನನ್ನದು, ಗಿರಾಕಿಗಳು ನಗುತ್ತಾರೆ. ರಿಪೇರಿಯಾದ ಮೇಲೆ ನಾನು ಎಷ್ಟು ತುಳಿದು ನೋಡಿದರೂ ಒಪ್ಪುವುದಿಲ್ಲ. ಯಾರ ಮಷೀನೋ ಅವರೇ ಕೂತು ಒಂದು ಅಂಗಿಯ ಅಂಚು ಹೊಲಿಯಬೇಕು. ದಾರ ತುಂಡಾದರೆ ಮತ್ತೆ ಬಿಚ್ಚುತ್ತೇನೆ. ಯಾಕೆ ಹೀಗೆ ಮಾಡುತ್ತೇನೆಂದು ನನಗೇ ಸರಿಯಾಗಿ ಗೊತ್ತಿರಲಿಲ್ಲ. ನಿನ್ನ ಕಾಗದ ಓದಿದ ಮೇಲೆ ಗೊತ್ತಾಯಿತು.

ನೀನು ತಪ್ಪು ಬರೆದೆ ಎಂದು ನನಗೆ ಒಂದು ದಿನವೂ ಅನ್ನಿಸಲಿಲ್ಲ ಕಣೋ. ಅದೇ ನೋಡು ದೊಡ್ಡ ತಮಾಷೆ. ಸುತ್ತಿಗೆ ಬರೆದಿದ್ದಾನೆ ಎಂದಮೇಲೆ ನನ್ನ ಕೈಯಲ್ಲೇ ಏನೋ ಇರಬೇಕು ಎಂದು ನಂಬಿದೆ. ಮದುವೆಯಾಗಿ ಮಗಳು ಹುಟ್ಟಿದಾಗ ಎತ್ತಿಕೊಳ್ಳಲು ಹೆದರಿದೆ. ಎಲ್ಲಿ ಮಣಿಕಟ್ಟು ಜಾರುತ್ತದೋ ಎಂದು. ಹೆಂಡತಿ ನನ್ನ ಕೈಯ ಕೆಳಗೆ ತನ್ನ ಕೈ ಇಟ್ಟುಕೊಂಡೇ ಮಗು ಕೊಡುತ್ತಿದ್ದಳು. ಯಾಕೆ ಎಂದು ಅವಳೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಆ ಮಗಳು ದೊಡ್ಡವಳಾದಳು. ಅವಳನ್ನು ಒಂದು ಸಲವೂ ಹೆಗಲ ಮೇಲೆ ಕೂರಿಸಿಕೊಂಡು ಓಡಾಡಿದ್ದಿಲ್ಲ ನಾನು. ಇದನ್ನು ಯಾವ ಇಲಾಖೆಗೆ ಬರೆದು ಸರಿ ಮಾಡುತ್ತೀಯೋ?

ಕ್ಷಮೆಯ ಮಾತು ಈಗ ಬೇಡ. ನನ್ನಲ್ಲಿ ಇದೆಯೋ ಇಲ್ಲವೋ ನನಗೇ ತಿಳಿಯದು. ಸ್ಪ್ರಿಂಗು ಮಾತ್ರ ಇಟ್ಟುಕೊಂಡಿದ್ದೇನೆ, ವಾಪಸು ಕೇಳಬೇಡ.

ನಿನ್ನ ಕಾಗದ ಬಂದ ದಿನ ಮಗಳು ಮನೆಗೆ ಬಂದಿದ್ದಳು, ನಾಲ್ಕು ತಿಂಗಳ ಕೂಸಿನೊಂದಿಗೆ. ಮೊಮ್ಮಗಳನ್ನು ಅಲ್ಲಿಯ ತನಕ ಕೂತೇ ಮಡಿಲಲ್ಲಿ ಇಟ್ಟುಕೊಳ್ಳುತ್ತಿದ್ದೆ. ಕಾಗದ ಮಡಚಿ ಜೇಬಿಗೆ ಹಾಕಿಕೊಂಡು ತೊಟ್ಟಿಲ ಹತ್ತಿರ ಹೋದೆ. ಹೆಂಡತಿ ಎಂದಿನಂತೆ ಕೈ ಕೊಡಲು ಓಡಿ ಬಂದಳು. ಬೇಡ ಎಂದೆ. ನಿಂತುಕೊಂಡೇ ಎತ್ತಿಕೊಂಡೆ. ಬೀದಿಯ ಕೊನೆಯ ತನಕ ಹೋಗಿ, ಹೋಗುವ ಬರುವ ಬಸ್ಸು ತೋರಿಸಿ, ವಾಪಸು ಬಂದೆ.

ಗುಬ್ಬಿ